ಕಿಟಕಿಯಾಚೆಯ ಹಾಲಿ ಮರ

ವಾಷಿಂಗ್ಟನ್ನಿನ 15ನೇ ಬೀದಿಯ ಆ ಮನೆಯಲ್ಲಿ ದೊಡ್ಡ ಸ್ಟುಡಿಯೋ ಏನೂ ಇರಲಿಲ್ಲ. ಅಡುಗೆಮನೆ ಇಲ್ಲವೇ ನಡುಮನೆ, ಎರಡರಲ್ಲೊಂದು ಕಡೆ ಕೆಲಸ. ದೊಡ್ಡ ಕ್ಯಾನ್ವಾಸಾದರೆ ಒಂದಂಚು ತೊಡೆಯ ಮೇಲೆ, ಇನ್ನೊಂದಂಚು ಸೋಫಾಕ್ಕೆ ಒರಗಿಸಿ. ಕೀಲುನೋವು ಬಿಡುತ್ತಿರಲಿಲ್ಲ. ಎಪ್ಪತ್ತು ದಾಟಿದ ನಿವೃತ್ತ ಕಲಾ ಶಿಕ್ಷಕಿ ಅಲ್ಮಾ ಥಾಮಸ್ ಹಾಗೆಯೇ ಕೂತು ಬಣ್ಣ ಹಚ್ಚುತ್ತಿದ್ದರು.

ನಿವೃತ್ತ ಮೇಷ್ಟರುಗಳು ಹೊತ್ತು ಕಳೆಯಲು ಕುಂಚ ಹಿಡಿಯುವುದುಂಟು. ಅಲ್ಮಾ ಅವರ ಕೈ ಮಾತ್ರ ಎಂದೂ ಬಿಡುವಾಗಿರಲೇ ಇಲ್ಲ. 1891ರಲ್ಲಿ ಜಾರ್ಜಿಯಾದ ಕೊಲಂಬಸ್ಸಿನಲ್ಲಿ ಹುಟ್ಟಿದ ಹುಡುಗಿ ಮನೆ ಹತ್ತಿರದ ತೊರೆಯ ಜೇಡಿಮಣ್ಣಿನಿಂದ ಪುಟ್ಟ ಪಾತ್ರೆ ಮಾಡುತ್ತಿದ್ದಳು. ತಾಯಿ ಉಡುಪು ಹೊಲಿಯುವುದರಲ್ಲಿ ನಿಪುಣೆ. ಆದರೆ ಊರಿನ ಗ್ರಂಥಾಲಯದೊಳಗೆ ಅವರಂಥ ಕಪ್ಪು ಜನರಿಗೆ ಓದುಗರಾಗಿ ಪ್ರವೇಶವಿರಲಿಲ್ಲ. 1906ರಲ್ಲಿ ಅಟ್ಲಾಂಟಾದಲ್ಲಿ ಜನಾಂಗೀಯ ಹಿಂಸೆ ಭುಗಿಲೆದ್ದಿತು. ಮರುವರ್ಷ ಕುಟುಂಬ ವಾಷಿಂಗ್ಟನ್ನಿಗೆ ಬಂತು.

ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಅವರು ಸೇರಿದ್ದು ವಸ್ತ್ರವಿನ್ಯಾಸದ ಆಸೆಯಿಂದ, 1924ರಲ್ಲಿ ಹೊರಬಂದದ್ದು ಅಲ್ಲಿನ ಕಲಾ ವಿಭಾಗದ ಮೊದಲ ಪದವೀಧರೆಯಾಗಿ. ಅದೇ ವರ್ಷ ಶಾ ಜೂನಿಯರ್ ಹೈಸ್ಕೂಲಿನಲ್ಲಿ ಕಲಾ ಶಿಕ್ಷಕಿಯಾದರು. ನ್ಯೂಯಾರ್ಕಿಗೆ ಹೋಗಿ ಬೊಂಬೆಯಾಟದ ಪರಿಣತ ಟೋನಿ ಸಾರ್ಗ್ ಅವರಲ್ಲಿ ಸೂತ್ರದ ಬೊಂಬೆಗಳ ವಿದ್ಯೆ ಕಲಿತರು. ಕಪ್ಪು ಮಕ್ಕಳಿಗೆ ಕಲೆಯ ಪರಿಚಯವಾಗಲೆಂದು 1936ರಲ್ಲಿ ಸ್ಕೂಲ್ ಆರ್ಟ್ಸ್ ಲೀಗ್ ಕಟ್ಟಿದರು. ವಾಷಿಂಗ್ಟನ್ನಿನ ಶಾಲೆಗಳಲ್ಲಿ ಬಣ್ಣಭೇದ ಕಾನೂನಿನ ಪ್ರಕಾರ ಕೊನೆಗೊಂಡದ್ದು 1954ರಲ್ಲಿ. ಅವರ ಅಧ್ಯಾಪನದ ಬಹುಪಾಲು ಅದಕ್ಕೂ ಹಿಂದಿನದು.

ಪಾಠ ಹೇಳುತ್ತಲೇ ಅವರು ಪಾಠ ಕೇಳಿದರು. ಐವತ್ತರ ದಶಕದಲ್ಲಿ, ತಾವೇ ಅರವತ್ತರ ಹರೆಯದಲ್ಲಿದ್ದಾಗ, ಅಮೆರಿಕನ್ ಯೂನಿವರ್ಸಿಟಿಯ ಚಿತ್ರಕಲಾ ತರಗತಿಗಳಲ್ಲಿ ವಿದ್ಯಾರ್ಥಿನಿಯಾಗಿ ಕೂತರು.

1960ರಲ್ಲಿ ನಿವೃತ್ತಿ. ಕೆಲವೇ ವರ್ಷಗಳಲ್ಲಿ ಸಂಧಿವಾತ ಎಷ್ಟು ಬಿಗಡಾಯಿಸಿತೆಂದರೆ ಚಿತ್ರ ಬರೆಯುವುದನ್ನೇ ಬಿಡುವ ಯೋಚನೆ ಬಂತು. ಅಷ್ಟರಲ್ಲಿ ಹೋವರ್ಡ್‌ನಿಂದ ಕರೆ: 1966ರಲ್ಲಿ ನಿಮ್ಮ ಕೃತಿಗಳ ಪ್ರದರ್ಶನ ಮಾಡೋಣ. ಹಳೆಯದನ್ನೇ ತೋರಿಸಲು ಅವರಿಗೆ ಮನಸ್ಸಾಗಲಿಲ್ಲ. ನಡುಮನೆಯ ಕಿಟಕಿಯಾಚೆ ಹಾಲಿ (holly) ಮರ. ಗಾಳಿಗೆ ಅಲುಗುವ ಎಲೆ, ಎಲೆಯ ಸಂದಿಯಲ್ಲಿ ನುಸುಳುವ ಬಿಸಿಲು. ಅದನ್ನೇ ದಿಟ್ಟಿಸುತ್ತ ಹೊಸ ಬಗೆ ಕಂಡುಕೊಂಡರು: ಗಿಡ್ಡ ಗಿಡ್ಡ ಬಣ್ಣದ ತುಣುಕುಗಳು, ಸಾಲಾಗಿ ಇಲ್ಲವೇ ಉಂಗುರದಂತೆ ಸುತ್ತಾಗಿ, ನಡುನಡುವೆ ಬಿಳಿಯ ಬಿರುಕು. ಹೂತೋಟಗಳ ಜೊತೆಗೆ ಅಪೊಲೊ ಯಾನಗಳೂ ಈ ತುಣುಕುಗಳಲ್ಲೇ ಮೂಡಿದವು. ಕುದುರೆಗಾಡಿಯ ಕಾಲದಲ್ಲಿ ಹುಟ್ಟಿದ ಹೆಂಗಸು ಚಂದ್ರಯಾನವನ್ನು ಟಿವಿಯಲ್ಲಿ ನೋಡಿ ಹಿಗ್ಗಿದ್ದರು.

1972ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಅವರ ಏಕವ್ಯಕ್ತಿ ಪ್ರದರ್ಶನ ಏರ್ಪಡಿಸಿತು. ಆಫ್ರಿಕನ್ ಅಮೆರಿಕನ್ ಮಹಿಳೆಗೆ ಅಲ್ಲಿ ಅಂಥ ಗೌರವ ಸಂದದ್ದು ಅದೇ ಮೊದಲು. ಅವರಿಗಾಗ ಎಂಬತ್ತು.

1978ರಲ್ಲಿ ತೀರಿಕೊಳ್ಳುವವರೆಗೂ ವಾಸ ಅದೇ 15ನೇ ಬೀದಿಯಲ್ಲಿ. ಅವರ ‘ರಿಸರೆಕ್ಷನ್’ ಚಿತ್ರ 2015ರಲ್ಲಿ ಅಲ್ಲಿಂದ ಹೆಚ್ಚು ದೂರವಿಲ್ಲದ ಶ್ವೇತಭವನದ ಊಟದ ಕೋಣೆಯ ಗೋಡೆ ಏರಿತು. ಅವರ ಚಿತ್ರಗಳನ್ನು ತೀರಾ ಹತ್ತಿರದಿಂದ ನೋಡಿದವರಿಗೆ ಬಣ್ಣದ ತುಣುಕುಗಳ ಸಂದಿಯಲ್ಲಿ ಅಲ್ಲಲ್ಲಿ ತೆಳುವಾದ ಪೆನ್ಸಿಲ್ ಗೆರೆಗಳು ಕಾಣಿಸುತ್ತವೆ. ಕುಂಚ ಹಿಡಿಯುವ ಮೊದಲು ಟೀಚರಮ್ಮ ಹಾಕಿಕೊಂಡ ಗೆರೆಗಳು.