‘ತಲೆ ಎತ್ತಿ’ ಅನ್ನೋ ಮಾತಿನ ಹಿಂದಿನ ಚರಿತ್ರೆ

ಪೋಸ್ಟ್ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಹೋದ ತಿಂಗಳು ನಮ್ಮವ್ವನಿಗೆ ಪಿತ್ತಕೋಶದ ಆಪರೇಷನ್ ಆಯ್ತು. ಆಫೀಸಿಗೆ ರಜೆ ಹಾಕಿ ಥಿಯೇಟರ್ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಬಾಗಿಲು ತೆರೆದಾಗ ಒಳಗಿಂದ ಅರಿವಳಿಕೆ ಡಾಕ್ಟರಮ್ಮನ ದನಿ ಕೇಳಿಸಿತು: “ಅಜ್ಜಿ, ತಲೆ ಎತ್ತಿ. ಹಂಗೇ ಹಿಡ್ಕೊಳ್ಳಿ. ಒಂದು, ಎರಡು, ಮೂರು, ನಾಲ್ಕು, ಐದು.” ಊರ ಮೇಲಿನ ಬೀದಿಯಲ್ಲಿ ಜೀವಮಾನವಿಡೀ ತಲೆ ತಗ್ಗಿಸಿ ನಡೆದವಳು ನನ್ನವ್ವ. ಅವಳಿಗೆ ಯಾರೋ ‘ತಲೆ ಎತ್ತಿ’ ಅಂತಿದ್ದಾರಲ್ಲ ಅಂತ ನನ್ನ ಗಂಟಲು ಕಟ್ಟಿತು.

ಸಂಜೆ ಆ ಡಾಕ್ಟರಮ್ಮನನ್ನೇ ಕೇಳಿದೆ. ಬೇಜಾರಿಲ್ಲದೆ ಬಿಡಿಸಿ ಹೇಳಿದ್ರು. ದೊಡ್ಡ ಆಪರೇಷನ್ನಿಗೆ ನಿದ್ದೆ ಬರಿಸೋ ಔಷಧಿ ಬೇರೆ, ಸ್ನಾಯು ಸಡಿಲ ಮಾಡೋ ಔಷಧಿ ಬೇರೆ. ಎರಡನೆಯದು ಕೊಟ್ಟರೆ ಕೈಕಾಲಷ್ಟೇ ಅಲ್ಲ, ಉಸಿರಾಟದ ಸ್ನಾಯುಗಳೂ ನಿಲ್ಲುತ್ತವೆ, ಯಂತ್ರ ಉಸಿರಾಡಿಸುತ್ತೆ. ಆಪರೇಷನ್ ಮುಗಿದ ಮೇಲೆ ಆ ಪರಿಣಾಮ ಇಳಿಸೋಕೆ ಇನ್ನೊಂದು ಔಷಧಿ ಕೊಡ್ತಾರೆ. ಶಕ್ತಿ ವಾಪಸ್ ಬಂತೋ ಇಲ್ಲವೋ ನೋಡೋಕೇ ಆ ಐದು ಸೆಕೆಂಡಿನ ಪರೀಕ್ಷೆ.

ಅವತ್ತಿಂದ ಇದರ ಚರಿತ್ರೆ ಓದ್ತಾ ಇದ್ದೀನಿ. ಓದಿದಷ್ಟೂ ನಮ್ಮದೇ ಕಥೆ ಅನ್ನಿಸ್ತು.

ಸ್ನಾಯು ಸಡಿಲಿಸೋ ಮೊದಲ ಔಷಧಿ ಕ್ಯುರಾರೆ. ದಕ್ಷಿಣ ಅಮೆರಿಕದ ಮಕೂಶಿ, ಟಿಕೂನಾ ಮುಂತಾದ ಆದಿವಾಸಿಗಳು ಕಾಡುಬಳ್ಳಿಗಳ ತೊಗಟೆ ಕುದಿಸಿ, ಇಂಗಿಸಿ, ಬಾಣಕ್ಕೆ ಹಚ್ಚುತ್ತಿದ್ದ ವಿಷ. ರಕ್ತಕ್ಕೆ ಸೇರಿದರೆ ಬೇಟೆ ಬೀಳುತ್ತೆ, ಆದರೆ ಆ ಮಾಂಸ ತಿಂದವರಿಗೆ ಏನೂ ಆಗಲ್ಲ. ಇದನ್ನ ಪಳಗಿಸಿದವರನ್ನ ಯುರೋಪಿನವರು ಕರೆದಿದ್ದು ‘ಅನಾಗರಿಕರು’ ಅಂತ. 1938ರಲ್ಲಿ ರಿಚರ್ಡ್ ಗಿಲ್ ಅನ್ನೋ ಅಮೆರಿಕನ್ ಈಕ್ವೆಡಾರಿನ ಕಾಡಿಂದ ಅದನ್ನ ಹೊತ್ತು ತಂದ. 1942ರ ಜನವರಿ 23ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಒಬ್ಬ ಯುವಕನ ಅಪೆಂಡಿಕ್ಸ್ ಆಪರೇಷನ್ನಿಗೆ ಬಳಸಿದ್ರು. ಪುಸ್ತಕದಲ್ಲಿ ಇವರ ಹೆಸರಿದೆ, ತಾರೀಖಿದೆ. ಬಳ್ಳಿ ಗುರುತಿಸಿದ ಮೊದಲ ಮಕೂಶಿಯ ಹೆಸರಿಲ್ಲ.

ವಿಷ ಹಾಕೋದು ಗೊತ್ತಾಯ್ತು. ಇಳಿಸೋದು? ಅಮೆರಿಕದ 10 ಆಸ್ಪತ್ರೆಗಳ ಸುಮಾರು 6 ಲಕ್ಷ ಅರಿವಳಿಕೆಗಳ ಲೆಕ್ಕವನ್ನ ಬೀಚರ್ ಮತ್ತು ಟಾಡ್ 1954ರಲ್ಲಿ ಪ್ರಕಟಿಸಿದ್ರು. ಸ್ನಾಯು ಸಡಿಲಿಸೋ ಔಷಧಿ ಪಡೆದವರಲ್ಲಿ ಅರಿವಳಿಕೆಯಿಂದಾದ ಸಾವು ಸುಮಾರು ಆರು ಪಟ್ಟು ಹೆಚ್ಚಿತ್ತು. ಯಾಕೆ ಅನ್ನೋದರ ಬಗ್ಗೆ ಜಗಳ ಆಯ್ತು. ಆದರೆ ಶಕ್ತಿ ಪೂರ್ತಿ ಮರಳದೆ ರೋಗಿಯನ್ನ ವಾರ್ಡಿಗೆ ಕಳಿಸೋದು ಎಷ್ಟು ಅಪಾಯ ಅನ್ನೋದು ವೈದ್ಯರಿಗೆ ಮುಂದೆ ಚೆನ್ನಾಗಿ ಅರ್ಥ ಆಯ್ತು.

ಇಳಿಸೋ ಔಷಧಿಯ ಬೇರು ಆಫ್ರಿಕಾದಲ್ಲಿದೆ. ಈಗಿನ ನೈಜೀರಿಯಾದ ಕಲಬಾರಿನಲ್ಲಿ ಎಫಿಕ್ ಜನ ಒಂದು ವಿಷದ ಬೀಜ ಬಳಸ್ತಿದ್ರು. ಮಾಟದ ಆರೋಪ ಬಂದವರಿಗೆ ಅದನ್ನ ಕುಡಿಸೋದು. ವಾಂತಿಯಾಗಿ ಬದುಕಿದರೆ ನಿರಪರಾಧಿ, ಸತ್ತರೆ ಅಪರಾಧಿ. ಇದನ್ನ ನಾನು ಹೊಗಳಲ್ಲ. ನಮ್ಮ ಕಡೆ ಭಾನಾಮತಿ ಹೆಸರಲ್ಲಿ ಬಡವರಿಗೆ ಬಿದ್ದ ಏಟು ಗೊತ್ತಿರೋರು ಯಾರೂ ಹೊಗಳಲ್ಲ. ಆದರೆ ಬೀಜದ ಗುಣ ಮೊದಲು ಅರಿತವರು ಅವರೇ. ಅದರ ಸಾರ ಫೈಸೋಸ್ಟಿಗ್ಮಿನ್ ಅನ್ನ 1864ರಲ್ಲಿ ಬೇರ್ಪಡಿಸಿದ್ರು. ಅದು ಕ್ಯುರಾರೆಯ ಪರಿಣಾಮ ಇಳಿಸುತ್ತೆ ಅಂತ 1900ರಲ್ಲಿ ವಿಯೆನ್ನಾದ ಯಾಕೊಬ್ ಪಾಲ್ ತೋರಿಸಿದ್ರು. ಅದೇ ಮಾದರಿಯಲ್ಲಿ 1931ರಲ್ಲಿ ತಯಾರಾದ ನಿಯೋಸ್ಟಿಗ್ಮಿನ್ ಇವತ್ತಿಗೂ ಆಪರೇಷನ್ ಥಿಯೇಟರಿನಲ್ಲಿದೆ.

ಕೆಲಸ ಹೇಗೆ ಮಾಡುತ್ತೆ? ಗುಮಾಸ್ತನ ಭಾಷೆಯಲ್ಲಿ ಹೇಳ್ತೀನಿ. ನರದಿಂದ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಬಂದು ಸ್ನಾಯುವಿನ ಕುರ್ಚಿಯಲ್ಲಿ ಕೂತರೇ ಸ್ನಾಯು ಅಲ್ಲಾಡೋದು. ಕ್ಯುರಾರೆ ಆ ಕುರ್ಚಿ ಹಿಡಿದು ಕೂರುತ್ತೆ. ತಾನೂ ಕೆಲಸ ಮಾಡಲ್ಲ, ಮಾಡೋರಿಗೂ ಬಿಡಲ್ಲ. ಅಸಿಟೈಲ್‌ಕೋಲಿನ್ ಅನ್ನ ಬಂದಬಂದಂಗೆ ಒಡೆದುಹಾಕೋ ಒಂದು ಕಿಣ್ವ ಇದೆ. ನಿಯೋಸ್ಟಿಗ್ಮಿನ್ ಅದರ ಕೈ ಕಟ್ಟುತ್ತೆ. ಆಗ ಅಸಿಟೈಲ್‌ಕೋಲಿನ್ ಗುಂಪುಗುಂಪಾಗಿ ಸೇರಿ ಕುರ್ಚಿ ವಾಪಸ್ ಪಡೆಯುತ್ತೆ. ಸಂಘಟನೆ ಅಂದ್ರೆ ಇದೇ ಅಲ್ವಾ?

ಈಗ ನಾನು ಹೇಳಲೇಬೇಕಾದ ಹೆಸರು: ಪರ್ಸಿ ಜೂಲಿಯನ್. 1899ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಹುಟ್ಟಿದ ಕಪ್ಪು ರಸಾಯನ ವಿಜ್ಞಾನಿ. ಅವರಜ್ಜ ಗುಲಾಮ, ಓದು ಬರಹ ಕಲಿತ ತಪ್ಪಿಗೆ ಅಜ್ಜನ ಎರಡು ಬೆರಳು ಕತ್ತರಿಸಿದ್ರು ಅಂತ ಜೂಲಿಯನ್ ಹೇಳ್ತಿದ್ರು. ಏಕಲವ್ಯ ನಮ್ಮಲ್ಲಿ ಮಾತ್ರ ಇಲ್ಲ ನೋಡಿ. ಡಿಪಾ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಜಾಗ ಸಿಗದೆ, ಬಿಳಿಯ ಹುಡುಗರ ವಸತಿಯಲ್ಲಿ ಚಾಕರಿ ಮಾಡ್ಕೊಂಡು ಅಟ್ಟದಲ್ಲಿ ಮಲಗಿ ಓದಿದ್ರು. 1920ರಲ್ಲಿ ತರಗತಿಗೇ ಮೊದಲಿಗರಾದ್ರು. 1917ರಲ್ಲಿ ಬರೋಡಾದಲ್ಲಿ ಇರೋಕೆ ಸೂರು ಸಿಗದೆ ಬಾಬಾಸಾಹೇಬರು ಕಣ್ಣೀರಿಟ್ಟದ್ದು ನೆನಪಾಗುತ್ತೆ.

1935ರಲ್ಲಿ ಜೂಲಿಯನ್ ತಮ್ಮ ಗೆಳೆಯ ಯೋಸೆಫ್ ಪಿಕ್ಲ್ ಜೊತೆ ಫೈಸೋಸ್ಟಿಗ್ಮಿನ್ ಅನ್ನ ಪ್ರಯೋಗಾಲಯದಲ್ಲಿ ತಯಾರಿಸಿ ತೋರಿಸಿದ್ರು. ಇದೇ ದಾರಿಯಲ್ಲಿದ್ದ ಆಕ್ಸ್‌ಫರ್ಡಿನ ರಾಬರ್ಟ್ ರಾಬಿನ್ಸನ್ ತಂಡದ ಫಲಿತಾಂಶ ತಪ್ಪು ಅಂತ ಬರೆಯೋ ಧೈರ್ಯ ಮಾಡಿದ್ರು. ಜೂಲಿಯನ್ ಹೇಳಿದ್ದೇ ಸರಿಯಾಯ್ತು. ನಿಯೋಸ್ಟಿಗ್ಮಿನ್ ಅವರು ಕಂಡುಹಿಡಿದದ್ದಲ್ಲ, ಆದರೆ ಅದರ ತಾಯಿ ಔಷಧಿಯನ್ನ ಕಟ್ಟಿದವರು ಅವರು. ಇಷ್ಟಾದ್ರೂ ಡಿಪಾ ಅವರನ್ನ ಪ್ರಾಧ್ಯಾಪಕರನ್ನಾಗಿ ಮಾಡಲಿಲ್ಲ. 1950ರಲ್ಲಿ ಶಿಕಾಗೊ ಪಕ್ಕದ ಓಕ್ ಪಾರ್ಕಿನಲ್ಲಿ ಮನೆ ಕೊಂಡಾಗ ಬೆಂಕಿ ಹಚ್ಚೋಕೆ ನೋಡಿದ್ರು, 1951ರಲ್ಲಿ ಡೈನಮೈಟ್ ಎಸೆದ್ರು. ಅವರು ಮನೆ ಬಿಟ್ಟು ಹೋಗಲಿಲ್ಲ.

ಈಗ ಸುಗಮಾಡೆಕ್ಸ್ ಅನ್ನೋ ಹೊಸ ಔಷಧಿಯೂ ಇದೆ, 2008ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ತು. ಇದು ರೊಕುರೋನಿಯಂ ಥರದ ಔಷಧಿಯನ್ನ ರಕ್ತದಲ್ಲೇ ಅಪ್ಪಿ ಹಿಡಿದು ಕಟ್ಟಿಹಾಕುತ್ತೆ. ಬೆಲೆ ಮಾತ್ರ ದುಬಾರಿ. ಇನ್ನೊಂದು ವಿಷಯ ತಿಳ್ಕೊಳ್ಳಿ: ಐದು ಸೆಕೆಂಡ್ ತಲೆ ಎತ್ತಿದರೂ ಒಳಗೆ ನಿಶ್ಶಕ್ತಿ ಉಳಿದಿರಬಹುದು. ಅದಕ್ಕೇ ನರಕ್ಕೆ ನಾಲ್ಕು ಸಲ ಸಣ್ಣ ಕರೆಂಟ್ ಕೊಟ್ಟು, ನಾಲ್ಕನೇ ಮಿಡಿತ ಮೊದಲನೆಯದರ ಶೇ. 90ರಷ್ಟಾದರೂ ಇದೆಯಾ ಅಂತ ಯಂತ್ರದಲ್ಲಿ ಅಳೀತಾರೆ. ಆ ಯಂತ್ರ ಬಡವರ ವಾರ್ಡಿಗೂ ಬೇಕು ಅಂತ ಕೇಳೋದು ನಮ್ಮ ಹಕ್ಕು.

ಅವ್ವನಿಗೆ ಜೂಲಿಯನ್ ಕಥೆ ಹೇಳಿದೆ. ಸುಮ್ಮನೆ ಕೇಳಿ, “ಆ ಮನೇಲೇ ಇದ್ರಾ ಕೊನೇಗೆ?” ಅಂದ್ಲು. ಇದ್ರು ಅವ್ವ ಅಂದೆ. “ಹಂಗಿರಬೇಕು” ಅಂತ ಗಂಜಿ ಬಟ್ಟಲು ತಗೊಂಡ್ಲು.

ಜೈ ಭೀಮ್.