ವಿಗ್ರಹದ ಮುಂದೆ ಬಾಗಿದವರು ಮರಳಿ ಬಂದಾಗ: ಮೂರನೆಯ ಶತಮಾನದ ಕ್ರೈಸ್ತರ ಪಶ್ಚಾತ್ತಾಪ

ಈಜಿಪ್ಟಿನ ಫಯ್ಯೂಮ್ ಪ್ರದೇಶದಲ್ಲಿ ದೊರೆತ ಒಂದು ಪಪೈರಸ್ ಹಾಳೆಯ ಮೇಲೆ ಕ್ರಿ.ಶ. 250ರ ಜೂನ್ 26ಕ್ಕೆ ಸರಿಹೊಂದುವ ದಿನಾಂಕವಿದೆ. ಅದು ಡಯೋಜೆನಿಸ್ ಎಂಬ 72 ವರ್ಷದ ಹಳ್ಳಿಗನೊಬ್ಬನ ಅರ್ಜಿ. ಬಲ ಹುಬ್ಬಿನ ಮೇಲೆ ಗಾಯದ ಕಲೆಯಿದೆಯೆಂದು ಅವನ ಗುರುತನ್ನೂ ಬರೆಯಲಾಗಿದೆ. ತಾನು ಎಂದಿನಿಂದಲೂ ದೇವತೆಗಳಿಗೆ ಬಲಿ ಅರ್ಪಿಸುತ್ತ ಬಂದವನು, ಈಗಲೂ ರಾಜಾಜ್ಞೆಯಂತೆ ಅಧಿಕಾರಿಗಳ ಎದುರಿನಲ್ಲೇ ಬಲಿಯರ್ಪಿಸಿ ಅದರ ಮಾಂಸವನ್ನು ಸೇವಿಸಿದ್ದೇನೆ, ಇದಕ್ಕೆ ದೃಢೀಕರಣದ ಸಹಿ ಬೇಕು ಎಂಬುದು ಅರ್ಜಿಯ ಸಾರ. ಇಂತಹ 40ಕ್ಕೂ ಹೆಚ್ಚು ಚೀಟಿಗಳು ಈಜಿಪ್ಟಿನಲ್ಲಿ ಸಿಕ್ಕಿವೆ. ಹೆಸರು, ಊರು, ವಯಸ್ಸು ಬೇರೆಬೇರೆ. ಉಳಿದ ಮಾತುಗಳೆಲ್ಲ ಹೆಚ್ಚುಕಡಿಮೆ ಒಂದೇ. ಬರೆಸಿಕೊಂಡವನ ಹೃದಯದಲ್ಲಿ ಏನಿತ್ತೆಂಬುದನ್ನು ಮಾತ್ರ ಅವುಗಳಲ್ಲಿ ಒಂದು ಚೀಟಿಯೂ ಹೇಳುವುದಿಲ್ಲ.

249ರಲ್ಲಿ ರೋಮಿನ ಸಿಂಹಾಸನವೇರಿದ ಡೀಸಿಯಸ್ ಚಕ್ರವರ್ತಿಯು ಹೊರಡಿಸಿದ ಆಜ್ಞೆಯ ಫಲಗಳು ಇವು. ಗಡಿಗಳಲ್ಲಿ ಯುದ್ಧ, ಒಳಗೆ ದಂಗೆ; ಪೂರ್ವಜರ ದೇವತೆಗಳ ಕೃಪೆಯನ್ನು ಮರಳಿ ಗಳಿಸಿದರೆ ಸಾಮ್ರಾಜ್ಯ ಉಳಿದೀತೆಂಬುದು ಅವನ ಎಣಿಕೆ. ಆಜ್ಞೆಯು ಕೇವಲ ಕ್ರೈಸ್ತರ ಮೇಲೆ ಹೊರಡಿಸಿದ್ದಲ್ಲ. ಪೆಟೆಸೂಕೊಸ್ ಎಂಬ ಮೊಸಳೆ ದೇವತೆಯ ಪೂಜಾರಿಣಿಯೊಬ್ಬಳು ಕೂಡ ತಾನು ಬಲಿ ನೀಡಿದ್ದೇನೆಂದು ಚೀಟಿ ಬರೆಸಿಕೊಳ್ಳಬೇಕಾಯಿತು! ಆದರೆ ಇತರರಿಗೆ ನಿತ್ಯದ ರೂಢಿಯಾಗಿದ್ದ ಒಂದು ಚಿಟಿಕೆ ಧೂಪವು ಕ್ರೈಸ್ತನ ಪಾಲಿಗೆ ವಿಶ್ವಾಸದ ನಿರಾಕರಣೆಯಾಗಿತ್ತು. ಒಬ್ಬ ದೇವನ ಹೊರತು ಯಾರ ಮುಂದೆಯೂ ತಲೆಬಾಗಕೂಡದೆಂಬ ಮೂಸಾ(ಅ)ರ ಕಾಲದ ಆಜ್ಞೆಯನ್ನು ಅವನೂ ಒಪ್ಪಿಕೊಂಡಿದ್ದನಷ್ಟೆ.

ರೋಮಿನ ಬಿಷಪ್ ಫೇಬಿಯನ್ 250ರ ಜನವರಿಯಲ್ಲೇ ಪ್ರಾಣ ತೆತ್ತನು. ಅನೇಕರು ಸೆರೆಮನೆ ಸೇರಿದರು. ಆದರೆ ಬಾಗಿದವರ ಸಂಖ್ಯೆಯೇ ದೊಡ್ಡದಾಗಿತ್ತು. ಇಂದಿನ ಟ್ಯುನೀಷಿಯಾದಲ್ಲಿರುವ ಕಾರ್ಥೇಜ್ ನಗರದ ಬಿಷಪ್ ಸಿಪ್ರಿಯನ್ ಈ ಬಿದ್ದವರನ್ನು ಕುರಿತೇ ಒಂದು ಗ್ರಂಥವನ್ನು ಬರೆದಿದ್ದಾನೆ. ಬಂಧಿಸಲು ಯಾರೂ ಬರುವ ಮೊದಲೇ ಜನರು ತಾವಾಗಿ ನಗರದ ಚೌಕಕ್ಕೆ ಧಾವಿಸಿದರು. ಸಂಜೆಯಾಯಿತು, ನಾಳೆ ಬನ್ನಿ ಎಂದು ಅಧಿಕಾರಿಗಳು ಹೇಳಿದರೂ ಕೇಳದೆ ಇಂದೇ ಮುಗಿಸಿಬಿಡಿ ಎಂದು ಅಂಗಲಾಚಿದರು. ಹಸುಗೂಸುಗಳನ್ನೂ ಎತ್ತಿಕೊಂಡು ಬಂದರು ಎಂದು ಅವನು ನೋವಿನಿಂದ ದಾಖಲಿಸುತ್ತಾನೆ. ಅವನ ದೃಷ್ಟಿಯಲ್ಲಿ ಹಲವರನ್ನು ಕಟ್ಟಿಹಾಕಿದ್ದು ಆಸ್ತಿಯ ಮೋಹ. ಊರು ಬಿಟ್ಟು ಹೋಗಲು ದಾರಿಯಿತ್ತು, ಆದರೆ ಮನೆ ಮತ್ತು ಹೊಲಗಳನ್ನು ಬಿಡಲಾಗಲಿಲ್ಲ.

ಬಿದ್ದವರಲ್ಲಿಯೂ ಭೇದಗಳಿದ್ದವು. ಕೆಲವರು ಪೂರ್ಣ ಬಲಿಯನ್ನೇ ಕೊಟ್ಟರು, ಕೆಲವರು ಧೂಪವನ್ನಷ್ಟೇ ಹಾಕಿದರು. ಇನ್ನು ಕೆಲವರು ಬಲಿಪೀಠದ ಹತ್ತಿರ ಸುಳಿಯದೆ, ಅಧಿಕಾರಿಗೆ ಲಂಚ ಕೊಟ್ಟು ಚೀಟಿಯನ್ನು ಮಾತ್ರ ಪಡೆದುಕೊಂಡರು. ಕೈ ಮಲಿನವಾಗಲಿಲ್ಲವೆಂದು ಈ ಕೊನೆಯವರು ಸಮಾಧಾನಪಟ್ಟುಕೊಂಡಿದ್ದರು. ಸಿಪ್ರಿಯನ್ ಒಪ್ಪಲಿಲ್ಲ. ಮಾಡದ ಪಾಪವನ್ನು ಮಾಡಿದ್ದೇನೆಂದು ಬರೆಸಿಕೊಟ್ಟವನ ಮನಸ್ಸಾಕ್ಷಿಯೂ ಕಳಂಕಿತವೇ ಎಂಬುದು ಅವನ ನಿಲುವು.

251ರಲ್ಲಿ ಗೋಥರೊಡನೆ ನಡೆದ ಕದನದಲ್ಲಿ ಡೀಸಿಯಸ್ ಮಡಿದನು. ಅದಕ್ಕೆ ಮುಂಚೆಯೇ ಹಿಂಸೆಯ ಬಿಸಿ ತಗ್ಗಿತ್ತು. ಈಗ ಬಿದ್ದವರೆಲ್ಲ ಚರ್ಚಿನ ಬಾಗಿಲಲ್ಲಿ ನಿಂತು ಅಳುತ್ತಿದ್ದರು. ಇಲ್ಲಿಂದಲೇ ನಿಜವಾದ ಪರೀಕ್ಷೆ ಆರಂಭವಾಯಿತೆನ್ನಬಹುದು. ಚಿತ್ರಹಿಂಸೆಯನ್ನು ಸಹಿಸಿ ಸೆರೆಮನೆಯಲ್ಲಿ ಉಳಿದವರ ಮೇಲೆ ಜನರಿಗೆ ಅಪಾರ ಗೌರವವಿತ್ತು. ಬಿದ್ದವರು ಅವರ ಬಳಿಗೆ ಹೋಗಿ ಶಿಫಾರಸು ಪತ್ರಗಳನ್ನು ಬೇಡಿದರು. ಅವರೂ ಧಾರಾಳವಾಗಿ ಕೊಟ್ಟರು. ಇಂಥವನನ್ನೂ ಅವನ ಮನೆಯವರನ್ನೂ ಸೇರಿಸಿಕೊಳ್ಳಿ ಎಂಬಂತಹ, ಎಷ್ಟು ಜನರಿಗೆ ಬೇಕಾದರೂ ಅನ್ವಯಿಸಬಹುದಾದ ಪತ್ರಗಳೂ ಅವುಗಳಲ್ಲಿದ್ದವು. ಸಿಪ್ರಿಯನ್ ಇದನ್ನು ಕಟುವಾಗಿ ವಿರೋಧಿಸಿದನು. ಒಂದು ಚೀಟಿಯಿಂದ ವಿಶ್ವಾಸವನ್ನು ಕಳೆದುಕೊಂಡವರು ಇನ್ನೊಂದು ಚೀಟಿಯಿಂದ ಅದನ್ನು ಕೊಂಡುಕೊಳ್ಳಲು ಹೊರಟಿದ್ದರು. ನಡುವೆ ಇರಬೇಕಾದ ಕಣ್ಣೀರು, ಉಪವಾಸ, ದಾನ, ಪ್ರಾರ್ಥನೆ ಯಾವುದೂ ಇರಲಿಲ್ಲ. ಹಿಂಸೆಯ ದಿನಗಳಲ್ಲಿ ಸ್ವತಃ ತಲೆಮರೆಸಿಕೊಂಡು ಪತ್ರಗಳ ಮೂಲಕ ಸಭೆಯನ್ನು ನಡೆಸಿದ ಸಿಪ್ರಿಯನ್‌ನಿಗೆ ಹೀಗೆ ಹೇಳುವ ಅಧಿಕಾರವೇನು ಎಂದು ಕೇಳಿದವರೂ ಇದ್ದರು. ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೂ ಮಾತಿನ ಸತ್ಯವು ಹೇಳಿದವನ ದೌರ್ಬಲ್ಯದಿಂದ ಸುಳ್ಳಾಗುವುದಿಲ್ಲ. ಮುಂದೆ 258ರ ಸೆಪ್ಟೆಂಬರ್ 14ರಂದು, ವ್ಯಾಲೇರಿಯನ್ನನ ಆಳ್ವಿಕೆಯಲ್ಲಿ, ಬಲಿಯರ್ಪಿಸಲು ನಿರಾಕರಿಸಿ ಅವನು ಶಿರಚ್ಛೇದಕ್ಕೆ ಗುರಿಯಾದನು.

251ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರ ಸಭೆಯು ಪ್ರತಿಯೊಬ್ಬನ ಸಂದರ್ಭವನ್ನೂ ಬೇರೆಬೇರೆಯಾಗಿ ತೂಗಿ ನೋಡಲು ತೀರ್ಮಾನಿಸಿತು. ಚೀಟಿಯನ್ನಷ್ಟೇ ಪಡೆದವರನ್ನು ವಿಚಾರಣೆಯ ಬಳಿಕ ಸೇರಿಸಿಕೊಳ್ಳುವುದು. ಬಲಿ ಕೊಟ್ಟವರು ದೀರ್ಘಕಾಲ ಪಶ್ಚಾತ್ತಾಪದಲ್ಲಿದ್ದು, ಮರಣಶಯ್ಯೆಯಲ್ಲಿ ಕ್ಷಮೆ ಪಡೆಯುವುದು. ಗ್ಯಾಲಸ್ ಚಕ್ರವರ್ತಿಯ ಕಾಲದಲ್ಲಿ ಮತ್ತೊಂದು ಹಿಂಸೆಯ ಸೂಚನೆ ಕಂಡಾಗ, ಪಶ್ಚಾತ್ತಾಪದಲ್ಲಿ ಸ್ಥಿರವಾಗಿ ನಿಂತಿದ್ದವರೆಲ್ಲರನ್ನೂ ಒಳಗೆ ಕರೆದುಕೊಂಡರು. ಹೋರಾಟಕ್ಕೆ ಕಳುಹಿಸಬೇಕಾದವರನ್ನು ನಿರಾಯುಧರಾಗಿ ಹೊರಗೆ ನಿಲ್ಲಿಸುವುದು ಸರಿಯಲ್ಲವೆಂಬುದು ಅವರು ಕೊಟ್ಟ ಕಾರಣ.

ರೋಮಿನಲ್ಲಿ ಮಾತ್ರ ಬೇರೆ ಧ್ವನಿ ಎದ್ದಿತು. ನೊವೇಷಿಯನ್ ಎಂಬ ವಿದ್ವಾಂಸ ಪಾದ್ರಿಯು ವಿಗ್ರಹದ ಮುಂದೆ ಬಾಗಿದವನಿಗೆ ಚರ್ಚು ಎಂದಿಗೂ ಬಾಗಿಲು ತೆರೆಯಕೂಡದೆಂದು ವಾದಿಸಿದನು. ದೇವನು ಕ್ಷಮಿಸಿದರೆ ಅದು ದೇವನಿಗೆ ಬಿಟ್ಟದ್ದು. ಬಿಷಪ್ ಕಾರ್ನೇಲಿಯಸ್‌ಗೆ ಎದುರಾಗಿ ಅವನು ತನ್ನದೇ ಪಂಗಡವನ್ನು ಕಟ್ಟಿದನು. ಅಂತಿಯೋಕ್ಯದ ಬಿಷಪ್ ಫೇಬಿಯಸ್ ಅತ್ತ ವಾಲುತ್ತಿದ್ದುದನ್ನು ಕಂಡು, ಅಲೆಕ್ಸಾಂಡ್ರಿಯದ ಬಿಷಪ್ ಡಯೋನಿಸಿಯಸ್ ಅವನಿಗೊಂದು ಪತ್ರ ಬರೆದನು. ಅದರಲ್ಲಿ ತರ್ಕಕ್ಕಿಂತ ಹೆಚ್ಚಾಗಿ ಮನ ಮುಟ್ಟುವುದು ಸೆರಾಪಿಯನ್ ಎಂಬ ಮುದುಕನ ವೃತ್ತಾಂತ. ಬಹುಕಾಲ ನಿಷ್ಕಳಂಕನಾಗಿ ಬಾಳಿದ್ದ ಅವನು ಹಿಂಸೆಯ ವೇಳೆ ಬಲಿ ಕೊಟ್ಟಿದ್ದನು. ಆಮೇಲೆ ಎಷ್ಟು ಬೇಡಿಕೊಂಡರೂ ಯಾರೂ ಕಿವಿಗೊಡಲಿಲ್ಲ. ಕಾಯಿಲೆ ಬಿದ್ದು ಮೂರು ದಿನ ಮಾತು ನಿಂತುಹೋಯಿತು. ನಾಲ್ಕನೆಯ ದಿನ ಸ್ವಲ್ಪ ಚೇತರಿಸಿಕೊಂಡು, ಪಾದ್ರಿಯನ್ನು ಕರೆತಾ ಎಂದು ಮಗಳ ಮಗನನ್ನು ಕಳುಹಿಸಿದನು. ರಾತ್ರಿಯಾಗಿತ್ತು, ಪಾದ್ರಿಯೂ ಹಾಸಿಗೆ ಹಿಡಿದಿದ್ದನು. ಅವನು ಪರಮಪ್ರಸಾದದ ಒಂದು ತುಣುಕನ್ನು ಹುಡುಗನ ಕೈಗಿತ್ತು, ಅದನ್ನು ನೆನೆಸಿ ತಾತನ ಬಾಯಿಗೆ ಹಾಕೆಂದನು. ಹುಡುಗ ಹಾಗೆಯೇ ಮಾಡಿದನು. ಅದನ್ನು ನುಂಗಿದೊಡನೆ ಮುದುಕನ ಪ್ರಾಣ ಹೋಯಿತು.

ಈ ಚರಿತ್ರೆಯನ್ನು ಓದುವ ಮುಸ್ಲಿಮನಿಗೆ ಅಮ್ಮಾರ್ ಬಿನ್ ಯಾಸಿರ್(ರ)ರ ನೆನಪಾಗದಿರದು. ತಂದೆ ತಾಯಿಗಳನ್ನು ಹಿಂಸಕರಿಂದ ಕಳೆದುಕೊಂಡ ಅವರು, ಸಹಿಸಲಾರದ ಯಾತನೆಯಲ್ಲಿ ಮಕ್ಕಾದ ವಿಗ್ರಹಗಳ ಪರವಾಗಿ ಮಾತಾಡಿ, ಅಳುತ್ತ ಪ್ರವಾದಿ(ಸ)ರ ಬಳಿಗೆ ಬಂದಾಗ, ಪ್ರವಾದಿ(ಸ)ರು ವಿಚಾರಿಸಿದ್ದು ಅವರ ಹೃದಯದ ಸ್ಥಿತಿಯನ್ನು. ಅಲ್ಲಿ ದಾಸನ ಮತ್ತು ಒಡೆಯನ ನಡುವೆ ಪಾದ್ರಿಯಿಲ್ಲ, ಸಭೆಯ ತೀರ್ಪಿಲ್ಲ. ಕ್ರೈಸ್ತ ವ್ಯವಸ್ಥೆಯು ಬೇರೆ ದಾರಿ ಹಿಡಿಯಿತು. ಆದರೆ ಹೃದಯವನ್ನು ಕಾಣಲಾರದ ಮನುಷ್ಯರು ಕ್ಷಮೆಯ ತೀರ್ಪು ನೀಡಬೇಕಾಗಿ ಬಂದಾಗ, ಕಾಲವನ್ನು ಸಾಕ್ಷಿಯಾಗಿ ಕೇಳುವುದರ ಹೊರತು ಅವರಿಗೆ ಬೇರೆ ಉಪಾಯವೇನಿತ್ತು?

325ರ ನೈಸಿಯಾ ಮಹಾಸಭೆಯೆಂದೊಡನೆ ನಮ್ಮಲ್ಲಿ ಚರ್ಚೆಯಾಗುವುದು ಈಸಾ(ಅ)ರ ಸ್ಥಾನವನ್ನು ಕುರಿತ ವಿವಾದ ಮಾತ್ರ. ಅದೇ ಸಭೆಯ 11ನೆಯ ನಿಯಮವು, ಲಿಸಿನಿಯಸ್‌ನ ಕಾಲದಲ್ಲಿ ಯಾವ ಬಲವಂತವೂ ಇಲ್ಲದೆ ವಿಶ್ವಾಸವನ್ನು ತ್ಯಜಿಸಿದವರಿಗೆ ಸಂಬಂಧಿಸಿದ್ದು. ಅಂಥವರು ಮೂರು ವರ್ಷ ಧರ್ಮಗ್ರಂಥದ ವಾಚನವನ್ನು ಆಲಿಸುವವರ ಸಾಲಿನಲ್ಲಿರಬೇಕು, ಏಳು ವರ್ಷ ಅಡ್ಡಬಿದ್ದು ಬೇಡುವವರ ಸಾಲಿನಲ್ಲಿರಬೇಕು, ಮತ್ತೆ ಎರಡು ವರ್ಷ ಪರಮಪ್ರಸಾದವಿಲ್ಲದೆ ಪ್ರಾರ್ಥನೆಯಲ್ಲಷ್ಟೇ ಪಾಲ್ಗೊಳ್ಳಬೇಕು. ಒಟ್ಟು 12 ವರ್ಷ. ಸಾಯುತ್ತಿರುವವನಿಗೆ ಮಾತ್ರ ಈ ಅವಧಿಯ ಕಟ್ಟಿಲ್ಲವೆಂದು 13ನೆಯ ನಿಯಮ ಹೇಳುತ್ತದೆ.

ನೊವೇಷಿಯನ್ ಪಂಗಡದ ಬಿಷಪ್ ಅಸೀಸಿಯಸ್‌ನನ್ನೂ ಕಾನ್‌ಸ್ಟಂಟೈನ್ ಚಕ್ರವರ್ತಿ ಆ ಸಭೆಗೆ ಕರೆಸಿದ್ದನು. ವಿಶ್ವಾಸದ ಪ್ರಮಾಣವನ್ನು ಒಪ್ಪುವೆಯಾದರೆ ಬೇರೆಯಾಗಿ ಉಳಿದಿರುವುದೇಕೆ ಎಂದು ಚಕ್ರವರ್ತಿ ಕೇಳಿದಾಗ, ಅವನು ಡೀಸಿಯಸ್‌ನ ಕಾಲದ ಆ ಹಳೆಯ ಸಂಗತಿಯನ್ನೇ ಮುಂದಿಟ್ಟನು. ಹಾಗಾದರೆ ಏಣಿಯೊಂದನ್ನು ಹಾಕಿಕೊಂಡು ಒಬ್ಬನೇ ಸ್ವರ್ಗಕ್ಕೆ ಹತ್ತಿಹೋಗು ಎಂದು ಚಕ್ರವರ್ತಿ ಉತ್ತರಿಸಿದನೆಂದು ಐದನೆಯ ಶತಮಾನದ ಚರಿತ್ರೆಕಾರ ಸಾಕ್ರಟೀಸನು ಬರೆದಿದ್ದಾನೆ. ಅಸೀಸಿಯಸ್ ತನ್ನ ನಿಲುವನ್ನು ಬದಲಿಸಲಿಲ್ಲ; ಸಾಕ್ರಟೀಸನ ಕಾಲದಲ್ಲೂ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಆ ಪಂಗಡದ ಚರ್ಚುಗಳು ಉಳಿದಿದ್ದವು.