ಒಪೇರಾ ಇಲ್ಲದ ಊರಿಗೆ ಒಪೇರಾದ ರಾಗ

ಅಶೋಕಪುರಂನ ಬೀದಿಯಲ್ಲಿ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನವರು ಹಳೆಯ ಸಿನಿಮಾ ಹಾಡು ನುಡಿಸುವಾಗ ನಾವು ನಿಂತು ಕೇಳಿದ್ದೇವೆ. ಪಲ್ಲವಿ ಮುಗಿದರೂ ಕ್ಲಾರಿನೆಟ್‌ನವನು ಹಾಡನ್ನು ಬಿಡುವುದಿಲ್ಲ. ಅದನ್ನು ಹೊರಳಿಸಿ, ಎಳೆದು, ಬೆರಳಿನ ಚಳಕವೆಲ್ಲ ತೋರಿಸುತ್ತಾನೆ. ಆ ಸಿನಿಮಾ ನೋಡದ ಮಕ್ಕಳೂ ಅದನ್ನು ಗುನುಗುತ್ತಾ ಮನೆಗೆ ಹೋಗುತ್ತಾರೆ. ಗ್ರಾಮಫೋನ್ ಇಲ್ಲದ ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಈ ಕೆಲಸ ಪಿಯಾನೊದ್ದಾಗಿತ್ತು.

ಒಪೇರಾಕ್ಕೆ ರಂಗಮಂದಿರ ಬೇಕು, ಗಾಯಕರು ಬೇಕು, ದೊಡ್ಡ ವಾದ್ಯವೃಂದ ಬೇಕು. ಅದಿಲ್ಲದ ಊರುಗಳಿಗೆ ಪಿಯಾನೊ ವಾದಕನೊಬ್ಬನೇ ಒಪೇರಾವನ್ನು ಹೊತ್ತು ಬರುತ್ತಿದ್ದ. ಫ್ರಾನ್ಜ್ ಲಿಸ್ಟ್ ಬೆಲ್ಲಿನಿಯ 'ನಾರ್ಮಾ'ವನ್ನು 1841ರಲ್ಲಿ, ವೆರ್ಡಿಯ 'ರಿಗೊಲೆಟ್ಟೊ'ವನ್ನು 1859ರಲ್ಲಿ ಹೀಗೆ ಪಿಯಾನೊಗೆ ಇಳಿಸಿದ. ಅವನ ಎದುರಾಳಿ ಥಾಲ್ಬರ್ಗ್ ಮೂಸಾ ಪ್ರವಾದಿಯ ಕಥೆಯುಳ್ಳ ರೋಸಿನಿಯ ಒಪೇರಾವನ್ನು ಆರಿಸಿಕೊಂಡ. ರಾಗವನ್ನು ಎರಡು ಹೆಬ್ಬೆರಳುಗಳಿಗೆ ಹಂಚಿ, ಉಳಿದ ಬೆರಳುಗಳಿಂದ ಅದರ ಸುತ್ತ ಸ್ವರಗಳ ಮಳೆ ಸುರಿಸುತ್ತಿದ್ದ. ಕೇಳಿದವರಿಗೆ ಮೂರು ಕೈಗಳಿದ್ದಂತೆ ಭಾಸವಾಗುತ್ತಿತ್ತು. 1837ರ ಮಾರ್ಚ್‌ನಲ್ಲಿ ಪ್ಯಾರಿಸ್ಸಿನ ಒಂದೇ ಸಭೆಯಲ್ಲಿ ಇಬ್ಬರೂ ನುಡಿಸಿದರು. ಗೆದ್ದವರು ಯಾರೆಂಬ ಜಗಳ ಇನ್ನೂ ತೀರಿಲ್ಲ.

1847ರಲ್ಲಿ ಲಿಸ್ಟ್ ಇಸ್ತಾಂಬುಲ್ಲಿಗೆ ಬಂದು ಸುಲ್ತಾನ್ ಅಬ್ದುಲ್ ಮಜೀದರ ಮುಂದೆ ನುಡಿಸಿದ. ಅಲ್ಲಿ ಸುಲ್ತಾನರ ಬ್ಯಾಂಡ್ ಕಟ್ಟಿದವನು ಒಪೇರಾಕಾರ ಡೊನಿಜೆಟ್ಟಿಯ ಅಣ್ಣ ಜುಸೆಪ್ಪೆ. ಅವನು ಸುಲ್ತಾನರಿಗಾಗಿ ರಚಿಸಿದ್ದ ಮೆರವಣಿಗೆಯ ವಾದ್ಯರಚನೆಯನ್ನೂ ಲಿಸ್ಟ್ ಪಿಯಾನೊಗೆ ಹಿಗ್ಗಿಸಿ ಬರೆದ.

ನಮ್ಮ ಮೈಸೂರಿನ ಅರಮನೆಯೂ ಹೀಗೆಯೇ ಹೊರಗಿನಿಂದ ಸಂಗೀತ ತರಿಸಿಕೊಂಡಿತು. ಕರ್ನಾಟಕ ಬ್ಯಾಂಡಿನ ಜೊತೆಗೆ ಇಂಗ್ಲಿಷ್ ಬ್ಯಾಂಡ್ ಇತ್ತು. ವಾದ್ಯವೃಂದಕ್ಕೆ ಜರ್ಮನಿಯ ಓಟ್ಟೊ ಶ್ಮಿಟ್ ಇದ್ದರು. ಜಯಚಾಮರಾಜ ಒಡೆಯರಿಗೆ ಪಿಯಾನೊವೇ ಬದುಕಾಗಬೇಕೆಂಬ ಆಸೆಯಿತ್ತು. 1940ರಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿಯವರೂ ತೀರಿಕೊಂಡು ಇಪ್ಪತ್ತೊಂದರ ಹರೆಯದಲ್ಲೇ ಸಿಂಹಾಸನ ಏರಬೇಕಾಯಿತು. ಆದರೂ ಪಿಯಾನೊದ ಹಂಬಲ ಬಿಡಲಿಲ್ಲ. ಲಂಡನ್ನಿನಲ್ಲಿ ಬಡತನ, ಕಾಯಿಲೆಗಳಲ್ಲಿ ಮರೆಯಾಗುತ್ತಿದ್ದ ರಷ್ಯದ ನಿಕೊಲಾಯ್ ಮೆಡ್ಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಮುದ್ರಿಸುವುದಕ್ಕೆ ಹಣ ಕೊಟ್ಟರು. ಮೆಡ್ಟ್ನರ್ ತನ್ನ ಮೂರನೇ ಪಿಯಾನೊ ಕನ್ಚರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ.

ಅವನು ಒಪೇರಾ ರಾಗಗಳನ್ನು ಹೆಣೆಯುವ ಜಾತಿಯವನಲ್ಲ. ಅಷ್ಟು ಹೊತ್ತಿಗೆ ಆ ಬಗೆಯ ರಚನೆಗಳನ್ನು ಪಂಡಿತರು ಬರೀ ಸರ್ಕಸ್ಸೆಂದು ಮೂಗು ಮುರಿಯುತ್ತಿದ್ದರು. ಗ್ರಾಮಫೋನ್ ತಟ್ಟೆಯಲ್ಲಿ ಒಪೇರಾವೇ ಸಿಗುವಾಗ ಅದರ ಪಿಯಾನೊ ನಕಲು ಯಾರಿಗೆ ಬೇಕು? ಲಿಸ್ಟ್‌ನ ಹೊಟ್ಟೆಪಾಡಿಗೆ ಕುತ್ತು ತಂದಿರಬಹುದಾಗಿದ್ದ ಅದೇ ತಟ್ಟೆ ಮೆಡ್ಟ್ನರನನ್ನು ಉಳಿಸಿತು. ಆತ 1951ರಲ್ಲಿ ತೀರಿಕೊಂಡ. ಬೆರಳುಗಳ ಸದ್ದು ಇಂದೂ ಸಿಗುತ್ತದೆ.

ಅರಮನೆಯಿಂದ, ಹಿಂದೆ ಆದಿಕರ್ನಾಟಕಪುರವೆನಿಸಿದ್ದ ಈ ಅಶೋಕಪುರಂಗೆ ಬಹಳ ದೂರವಿಲ್ಲ. ಆದರೆ ಪಿಯಾನೊ ಬೀದಿಗಿಳಿಯುವ ವಾದ್ಯವಲ್ಲ. ಇಳಿದದ್ದು ಬ್ಯಾಂಡು. ದಸರೆಯಲ್ಲಿ ಜಂಬೂಸವಾರಿಯ ಜೊತೆ ನಡೆಯುವ ಆ ಕ್ಲಾರಿನೆಟ್, ಟ್ರಂಪೆಟ್‌ಗಳೇ ಮದುವೆಯ ದಿಬ್ಬಣಕ್ಕೂ ಬಂದವು. ಮೊನ್ನೆ ನಾವು ಕೇಳಿದ ಕ್ಲಾರಿನೆಟ್‌ನವನು ಹೆಣ್ಣಿನ ಮನೆಯ ಚಪ್ಪರದ ಮುಂದೆ ಅದೇ ಹಾಡನ್ನು ಮೂರನೇ ಸಲ, ಮೂರನೆಯ ರೀತಿಯಲ್ಲಿ ಎತ್ತಿಕೊಂಡ.